ಒಂದು ಬಟ್ಟಲು ಕಡಿಮೆ

ಬಟ್ಟಲಕ್ಕ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ, ಚರ್ಚಿನ ಸಭೆಯವರು ಇಟ್ಟದ್ದು. ತಿಂಗಳ ಮೊದಲನೆಯ ಭಾನುವಾರ, ಯೇಸುವಿನ ಕೊನೆಯ ಊಟವನ್ನು ನೆನೆಯುವ ಪ್ರಭುಭೋಜನದ ಆರಾಧನೆಗೆ ಬೇಕಾದ ಚಿಕ್ಕ ಚಿಕ್ಕ ಗಾಜಿನ ಬಟ್ಟಲುಗಳನ್ನು ತೊಳೆದು, ಒರೆಸಿ, ದ್ರಾಕ್ಷಾರಸ ತುಂಬಿ, ತಟ್ಟೆಗಳಲ್ಲಿ ಜೋಡಿಸಿ ಕೊಡುವ ಕೆಲಸ ಇಪ್ಪತ್ತಾರು ವರ್ಷಗಳಿಂದ ಅವಳದೇ. ಬಟ್ಟಲುಗಳೆಂದರೆ ಹೆಬ್ಬೆರಳಿನಷ್ಟು ಎತ್ತರದವು. ಒಂದು ಗುಟುಕಿಗೆ ಮುಗಿದುಹೋಗುವಷ್ಟೇ ಹಿಡಿಯುವಂಥವು. ಅವುಗಳನ್ನು ಮುಟ್ಟುವಾಗ ಅವಳು ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದಳು.

ಅವಳ ಹೆಚ್ಚುಗಾರಿಕೆ ಇದ್ದದ್ದು ಎಣಿಕೆಯಲ್ಲಿ. ಎರಡನೆಯ ಗೀತೆ ಶುರುವಾದ ಕೂಡಲೇ ಪಕ್ಕದ ಕೋಣೆಯ ಬಾಗಿಲ ಸಂದಿಯಿಂದ ಒಮ್ಮೆ ಕಣ್ಣಾಡಿಸುವಳು. ಮಕ್ಕಳನ್ನು ಬಿಟ್ಟು ದೊಡ್ಡವರೆಷ್ಟು ಮಂದಿ ಎಂದು ಎಣಿಸುವಳು. ಗೀತೆ ಮುಗಿಯುವುದರೊಳಗೆ ಅಷ್ಟೇ ಬಟ್ಟಲು ತುಂಬಿ ಸಿದ್ಧವಾಗಿರುತ್ತಿದ್ದವು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಬಟ್ಟಲುಗಳೆಲ್ಲ ಹಂಚಿಯಾದ ಮೇಲೆ ಸಭಾಪಾಲಕರು, "ಎಲ್ಲರಿಗೂ ಸಿಕ್ಕಿತೇ?" ಎಂದು ಕೇಳುವುದು ಅಲ್ಲಿನ ರೂಢಿ. ಇಪ್ಪತ್ತಾರು ವರ್ಷಗಳಲ್ಲಿ ಒಬ್ಬರೂ 'ಇಲ್ಲ' ಎಂದು ಕೈಯೆತ್ತಿದ್ದಿಲ್ಲ. ಆ ಪ್ರಶ್ನೆಯ ನಂತರದ ಮೌನವೇ ಅವಳ ಪಾಲಿಗೆ ಸನ್ಮಾನ.

"ನಿನ್ನ ಎಣಿಕೆ ನೋಡಿದ್ರೆ ಪರಲೋಕದ ಬಾಗಿಲಲ್ಲೂ ನಿನ್ನನ್ನೇ ನಿಲ್ಲಿಸ್ತಾರೆ ಕಣೇ," ಎಂದು ಗಂಡ ಹಾಸ್ಯ ಮಾಡುತ್ತಿದ್ದ. ಅವನು ಸೈಕಲ್ ರಿಪೇರಿಯವನು. ಆರಾಧನೆಗೆ ತಪ್ಪದೆ ಬರುತ್ತಿದ್ದ, ಸಭಾಪಾಲಕರ ಪ್ರಸಂಗ ಶುರುವಾದೊಡನೆ ತಪ್ಪದೆ ನಿದ್ದೆ ಹೋಗುತ್ತಿದ್ದ. ಬೈದರೆ, "ದೇವರು ತನ್ನ ಪ್ರೀತಿಯವರಿಗೆ ನಿದ್ದೆ ಕೊಡ್ತಾನಂತೆ. ನಿಂಗೆ ಕೊಟ್ಟಿಲ್ಲ ಅಂದ್ರೆ ನಾನೇನು ಮಾಡ್ಲಿ?" ಎನ್ನುವನು.

ವಾರದ ಉಳಿದ ದಿನಗಳಲ್ಲಿ ಬಟ್ಟಲಕ್ಕ ದೊಡ್ಡಾಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹರಿದದ್ದನ್ನು ಹೊಲಿಯುವವಳು. ಒಗೆದು ಬಂದ ಹಾಸುಬಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡಿ, ಸವೆದಲ್ಲಿ ತೇಪೆ ಹಾಕಿ, ತೀರ ಲಡ್ಡಾದವನ್ನು ದಿಂಬಿನ ಚೀಲಕ್ಕೆ ಕತ್ತರಿಸಿ, ನಾಲ್ಕು ಮಡಿಕೆ ಮಡಿಸಿ ಕಪಾಟಿನಲ್ಲಿ ಅಂಚಿಗೆ ಅಂಚು ಸೇರಿಸಿ ಇಡುವಳು. ಹೊಸದಾಗಿ ಸೇರಿದ ದಾದಿಯರು ಮಡಿಕೆ ಕೆಡಿಸಿದರೆ ಅವಳ ಬಾಯಿಗೆ ಸಿಕ್ಕಿ ಹಾಕಿಕೊಂಡಂತೆಯೇ. "ರೋಗಿ ಮಲಗೋದು ಇದರ ಮೇಲೇನೇ, ತಾಯಿ. ಸುಕ್ಕು ಬೆನ್ನಿಗೆ ಚುಚ್ಚುತ್ತೆ," ಎಂದು ಅವರ ಕೈಯಲ್ಲೇ ಮತ್ತೆ ಮಡಿಸುವವರೆಗೂ ಬಿಡುತ್ತಿರಲಿಲ್ಲ. ಒಟ್ಟಿನಲ್ಲಿ ಊರಿಗೆ ಬೇಕಾದ ಹೆಂಗಸು. ನಿಯತ್ತಿನವಳು ಎಂದು ಎಲ್ಲರೂ ಹೇಳುತ್ತಿದ್ದರು. ಅವಳೂ ಹಾಗೆಂದೇ ನಂಬಿದ್ದಳು.

ಅವಳ ಮನಸ್ಸಿನಲ್ಲಿ ಒಂದೇ ಒಂದು ಮುಳ್ಳು. ಅದು ಅವಳ ತಂಗಿ.

ತಾಯಿ ಹಾಸಿಗೆ ಹಿಡಿದು ಹದಿನಾಲ್ಕು ತಿಂಗಳು ನರಳಿದಳು. ಅಷ್ಟೂ ದಿನ ಮಗ್ಗುಲು ಹೊರಳಿಸಿದವಳು, ಗಂಜಿ ಕುಡಿಸಿದವಳು, ಹುಣ್ಣು ತೊಳೆದವಳು ಹಿರಿಯ ಮಗಳು. ತಂಗಿ ಗಂಡನ ಜೊತೆ ದೂರದ ಊರಿನಲ್ಲಿದ್ದಳು. ಆದರೆ ತಾಯಿ ಜ್ವರದ ಕನವರಿಕೆಯಲ್ಲಿ ಕರೆದದ್ದೆಲ್ಲ ಕಿರಿಯವಳ ಹೆಸರನ್ನೇ. ಎದುರಿಗೆ ಚಮಚ ಹಿಡಿದು ನಿಂತ ಹಿರಿಯವಳನ್ನು ನೋಡಿ, "ಬಂದ್ಯಾ, ಪುಟ್ಟೀ?" ಎಂದು ನಕ್ಕಳು. ಪುಟ್ಟಿ ಎಂದರೆ ತಂಗಿ. ಮಣ್ಣು ಮಾಡಿದ ಎರಡನೆಯ ದಿನಕ್ಕೆ ಪುಟ್ಟಿ ಬಂದಳು, ಎಲ್ಲರಿಗಿಂತ ಗಟ್ಟಿಯಾಗಿ ಅತ್ತಳು. ಸಭೆಯವರೆಲ್ಲ ಅವಳನ್ನೇ ಸುತ್ತುವರಿದು ಬೆನ್ನು ಸವರಿದರು. ಸಮಾಧಿ ಸ್ಥಳದ ಗೇಟಿನ ಬಳಿ, ನಾಲ್ಕು ಜನರೆದುರಿಗೆ ಬಟ್ಟಲಕ್ಕ ಅಂದುಬಿಟ್ಟಳು: "ನೋಡ್ಕೊಳ್ಳೋಕೆ ಬರಲಿಲ್ಲ, ಅಳೋಕೆ ಮಾತ್ರ ಬಂದ್ಯಾ?"

ತಂಗಿ ಏನೂ ಹೇಳದೆ ಅಂದೇ ಹೊರಟುಹೋದಳು. ಮಾತು ಬಿಟ್ಟು ಒಂಬತ್ತು ವರ್ಷಗಳಾದವು.

ಈಗ ತಂಗಿಯ ಗಂಡನಿಗೆ ಈ ಊರಿಗೇ ವರ್ಗವಾಗಿತ್ತು. ಅವಳು ಪೇಟೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದು, ಹೆಂಗಸರ ತಲೆಗೂದಲು ಕತ್ತರಿಸಿ ಸಿಂಗರಿಸುವ ಪಾರ್ಲರು ಇಟ್ಟಿದ್ದಾಳೆ ಎಂಬ ಸುದ್ದಿಯನ್ನು ಸೈಕಲ್ ಅಂಗಡಿಗೆ ಬಂದವರಾರೋ ತಂದರು.

"ಒಂದ್ಸಲ ಹೋಗಿ ನೋಡ್ಕೊಂಡು ಬಾರೇ," ಎಂದ ಗಂಡ.

"ನನ್ನ ಕೂದಲು ನೆಟ್ಟಗಿದೆ. ನಂಗೆ ಯಾವ ಪಾರ್ಲರೂ ಬೇಡ."

"ಕೂದಲಿಗೆ ಯಾರು ಹೇಳಿದ್ರು?"

"ನಿಮ್ಮ ಟ್ಯೂಬ್ ನೋಡ್ಕೊಳ್ಳಿ, ಗಾಳಿ ಹೋಗ್ತಿದೆ," ಎಂದು ಅವಳು ಒಳಗೆ ಹೋದಳು.

ಆ ತಿಂಗಳ ಮೊದಲ ಭಾನುವಾರ. ಎರಡನೆಯ ಗೀತೆ ಶುರುವಾಯಿತು. ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು ಎಣಿಸುತ್ತಾ ಬಂದ ಬಟ್ಟಲಕ್ಕ ಎಡಗಡೆಯ ಕೊನೆಯ ಬೆಂಚಿಗೆ ಬಂದಾಗ ಗಕ್ಕನೆ ನಿಂತಳು. ಗೋಡೆಯ ಪಕ್ಕ, ತಾಯಿ ಕೂರುತ್ತಿದ್ದ ಮೂಲೆಯಲ್ಲೇ, ತಂಗಿ ಕುಳಿತಿದ್ದಳು. ಮುಖ ಸ್ವಲ್ಪ ಊದಿತ್ತು. ಕಿವಿಯ ಹತ್ತಿರ ನರೆ. ಗೀತೆಯ ಪುಸ್ತಕವನ್ನು ಕಣ್ಣಿನಿಂದ ದೂರ ಹಿಡಿದು ಹಾಡುತ್ತಿದ್ದಳು.

ಅವಳನ್ನು ಸೇರಿಸಿದರೆ ಎಂಬತ್ತನಾಲ್ಕು.

ಬಟ್ಟಲಕ್ಕ ತಿರುಗಿ ಬಂದು ತುಂಬತೊಡಗಿದಳು. ಎಂಬತ್ತು, ಎಂಬತ್ತೊಂದು, ಎಂಬತ್ತೆರಡು, ಎಂಬತ್ತಮೂರು. ಕೊನೆಯ ಬಟ್ಟಲು ಮುಂದೆಯೇ ಇತ್ತು, ಒರೆಸಿ ಬೋರಲು ಹಾಕಿದ್ದು. ಅವಳ ಕೈ ಅದರ ಹತ್ತಿರಕ್ಕೆ ಹೋಯಿತು. ಹೋಗಿ, ಸೀಸೆಯ ಮುಚ್ಚಳ ತಿರುಗಿಸಿ ಭದ್ರಮಾಡಿತು.

ತಲೆ ಆಗಲೇ ಸಮಜಾಯಿಷಿ ಹೂಡತೊಡಗಿತ್ತು. ಎಷ್ಟೋ ವರ್ಷ ಸಭೆಯ ಮುಖ ನೋಡದವಳು, ತಗೊಳ್ತಾಳೋ ಇಲ್ಲವೋ ಯಾರಿಗೆ ಗೊತ್ತು? ಮನಸ್ಸನ್ನು ಶೋಧಿಸಿಕೊಂಡು ಬರಬೇಕು ಅಂತ ವೇದಪುಸ್ತಕದಲ್ಲಿ ಅಪೊಸ್ತಲನೇ ಹೇಳಿಲ್ಲವೇ? ಅಯೋಗ್ಯರಾಗಿ ಕುಡಿದರೆ ಕುಡಿದವರಿಗೇ ಕೇಡು. ಅಂದಮೇಲೆ ಇದು ಅವಳ ಒಳ್ಳೆಯದಕ್ಕೇ. ಹೀಗೆಲ್ಲ ಅಂದುಕೊಂಡರೂ ಆ ಖಾಲಿ ಬಟ್ಟಲನ್ನು ಅವಳು ಬಟ್ಟೆಯಡಿ ಮುಚ್ಚಿಟ್ಟಳು. ಒಳ್ಳೆಯದಕ್ಕೆ ಮಾಡಿದ್ದನ್ನು ಯಾರಾದರೂ ಮುಚ್ಚಿಡುತ್ತಾರೆಯೇ?

ಆ ಸಭೆಯಲ್ಲಿ ಯಾರೂ ತಮ್ಮ ಬಟ್ಟಲನ್ನು ತಾವೇ ಎತ್ತಿಕೊಳ್ಳುವುದಿಲ್ಲ. ತಟ್ಟೆ ಕೈಯಿಂದ ಕೈಗೆ ಸಾಗುವಾಗ ಪ್ರತಿಯೊಬ್ಬರೂ ಪಕ್ಕದವರಿಗೆ ಒಂದು ಎತ್ತಿ ಕೊಡುತ್ತಾರೆ. ಎಲ್ಲರ ಕೈಗೂ ಬಂದ ಮೇಲೆ ಒಟ್ಟಿಗೆ ಕುಡಿಯುತ್ತಾರೆ. ತಟ್ಟೆ ಎಡಗಡೆಯ ಕೊನೆಯ ಬೆಂಚಿನ ಗೋಡೆಯ ತುದಿಗೆ ಬಂದು ಮುಗಿಯುತ್ತದೆ ಎಂಬುದು ಬಟ್ಟಲಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಪ್ರಸಂಗ ಮುಗಿದ ಮೇಲೆ ಅವಳು ತನ್ನ ಎಂದಿನ ಜಾಗದಲ್ಲಿ, ಕೋಣೆಯ ಬಾಗಿಲ ಪಕ್ಕದ ಅಡ್ಡಬೆಂಚಿನಲ್ಲಿ ಬಂದು ಕುಳಿತಳು. ಅಲ್ಲಿಂದ ಇಡೀ ಸಭೆ ಕಾಣುತ್ತದೆ.

ಗೋಡೆಯ ಮೂಲೆಯಲ್ಲಿ ತಂಗಿ ಇರಲಿಲ್ಲ! ಅಲ್ಲಿ ಗೋದಾಮಿನ ಮುದುಕ ಕಾವಲುಗಾರ ಗೋಡೆಗೆ ಒರಗಿ ಕುಳಿತಿದ್ದ. ಎರಡು ಕಣ್ಣಿಗೂ ಪೊರೆ ಬಂದವನು, ಕೈ ನಡುಗುವವನು. ಆಸರೆಗೆ ಗೋಡೆ ಬೇಕಾಗಿತ್ತೇನೋ, ಪ್ರಸಂಗದ ನಡುವೆ ತಂಗಿ ಎದ್ದು, ಪಕ್ಕದಲ್ಲೇ ಕುಳಿತಿದ್ದ ಅವನಿಗೆ ಜಾಗ ಬಿಟ್ಟುಕೊಟ್ಟು ಇತ್ತ ಸರಿದಿದ್ದಳು. ತಂಗಿಗೆಂದು ಇಟ್ಟ ಕೊರತೆ ಈಗ ಆ ಮುದುಕನ ಪಾಲಿಗೆ ಬಿದ್ದಿತ್ತು.

ತಟ್ಟೆ ಕೊನೆಯ ಬೆಂಚಿಗೆ ಬಂತು. ಪಕ್ಕದ ಹೆಂಗಸು ಉಳಿದಿದ್ದ ಒಂದೇ ಬಟ್ಟಲನ್ನು ಎತ್ತಿ ತಂಗಿಗೆ ಕೊಟ್ಟು, ತಟ್ಟೆಯನ್ನೂ ಅವಳ ಮಡಿಲಿಗೆ ದಾಟಿಸಿ, ಕಣ್ಣು ಮುಚ್ಚಿ ಪ್ರಾರ್ಥನೆಗೆ ತಲೆಬಾಗಿದಳು. ತಂಗಿ ತಟ್ಟೆ ನೋಡಿದಳು, ಖಾಲಿ. ಒಂದು ಕ್ಷಣ ತನ್ನ ಕೈಯ ಬಟ್ಟಲನ್ನು ನೋಡಿದಳು. ಆಮೇಲೆ ಮುದುಕನ ಕೈ ಹಿಡಿದು ಅದನ್ನು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಸುತ್ತ ಮಡಿಸಿದಳು.

"ಎಲ್ಲರಿಗೂ ಸಿಕ್ಕಿತೇ?" ಎಂದರು ಸಭಾಪಾಲಕರು.

ಈಗ ತಂಗಿ ಕೈಯೆತ್ತುತ್ತಾಳೆ, ಎಲ್ಲರ ತಲೆಗಳೂ ತನ್ನ ಕಡೆ ತಿರುಗುತ್ತವೆ ಎಂದು ಬಟ್ಟಲಕ್ಕ ಕಾದಳು. ತಂಗಿ ಕೈಯೆತ್ತಲಿಲ್ಲ. ಬಟ್ಟಲು ಹಿಡಿದವಳಂತೆ ಬೆರಳುಗಳನ್ನು ಕೂಡಿಸಿ, ಎಲ್ಲರೂ ಕುಡಿಯುವಾಗ ತಾನೂ ಆ ಬರಿಗೈಯನ್ನು ತುಟಿಗೆ ಮುಟ್ಟಿಸಿ, ಕತ್ತು ಕೊಂಚ ಹಿಂದಕ್ಕೆ ಮಾಡಿದಳು. ತಪ್ಪು ಯಾರ ಕಣ್ಣಿಗೂ ಬೀಳದಂತೆ ಮುಚ್ಚಿಬಿಟ್ಟಳು.

ಬಟ್ಟಲಕ್ಕನ ಕೈಯಲ್ಲಿ ಅವಳ ಪಾಲಿನ ಬಟ್ಟಲು ತುಂಬಿಯೇ ಇತ್ತು. ಎದ್ದು ಹನ್ನೆರಡು ಬೆಂಚು ದಾಟಿ ಹೋಗಿ ಕೊಟ್ಟಿದ್ದರೆ ಮುಗಿಯುತ್ತಿತ್ತು. ಏಳಲಿಲ್ಲ. ಜನ ಏನೆಂದಾರು ಎಂಬ ಒಂದೇ ಯೋಚನೆ. ಎಲ್ಲರ ಜೊತೆ ತಾನೂ ಕುಡಿದಳು.

ಆರಾಧನೆ ಮುಗಿದ ಮೇಲೆ ಸಭಾಪಾಲಕರು ಬಾಗಿಲಲ್ಲಿ ಕೈ ಕುಲುಕುತ್ತಾ, "ಬಟ್ಟಲಕ್ಕ, ಇವತ್ತೂ ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ!" ಎಂದು ನಕ್ಕರು. ನೆಲ ಬಾಯಿಬಿಟ್ಟಿದ್ದರೆ ಅವಳು ಅಲ್ಲೇ ಇಳಿದುಬಿಡುತ್ತಿದ್ದಳು.

ಖಾಲಿ ಬಟ್ಟಲುಗಳನ್ನು ಕೋಣೆಯಲ್ಲಿ ತೊಳೆಯುತ್ತಿದ್ದಾಗ ಹಿಂದಿನಿಂದ ದನಿ ಕೇಳಿತು.

"ಅಕ್ಕಾ."

ಒಂಬತ್ತು ವರ್ಷಗಳ ಮೇಲೆ ಕೇಳಿದ ದನಿ. ಬಟ್ಟಲಕ್ಕ ತಿರುಗಲಿಲ್ಲ.

"ಬೈಬೇಡ, ಒಂದು ಮಾತು ಹೇಳಿ ಹೋಗ್ತೀನಿ. ಇವತ್ತು ಒಂದು ಬಟ್ಟಲು ಕಡಿಮೆ ಬಿದ್ದಿತ್ತು. ಯಾರಿಗೂ ಗೊತ್ತಾಗ್ಲಿಲ್ಲ, ನಾನು ಹೇಗೋ ಸುಧಾರಿಸ್ದೆ. ಮುಂದಿನ ಸಲ ಒಂದೆರಡು ಜಾಸ್ತಿನೇ ತುಂಬಿಡು. ನಿಂಗೂ ವಯಸ್ಸಾಯ್ತಲ್ಲಕ್ಕ, ಕಣ್ಣು ತೋರಿಸ್ಕೋ."

'ಹೂಂ' ಎಂದಳು ಬಟ್ಟಲಕ್ಕ, ನಲ್ಲಿಯನ್ನೇ ನೋಡುತ್ತಾ. ಆ 'ಹೂಂ' ಒಂದು ಸುಳ್ಳು.

ಸೋಮವಾರ ಬಟ್ಟೆ ಕೋಣೆಯಲ್ಲಿ ಅವಳು ತೇಪೆಯನ್ನು ತಿರುವುಮುರುವಾಗಿ ಹೊಲಿದಳು. ಮಂಗಳವಾರ ಒಳ್ಳೆಯ ಹಾಸನ್ನು ಕತ್ತರಿಸಿ ದಿಂಬಿನ ಚೀಲ ಮಾಡಿದಳು. ಯಾವಾಗಲೂ ಬೈಸಿಕೊಳ್ಳುವ ದಾದಿಯೊಬ್ಬಳು, "ಅಮ್ಮಾ, ಜ್ವರ ಏನಾದ್ರೂ ಇದ್ಯಾ? ಎರಡು ದಿನದಿಂದ ಯಾರನ್ನೂ ಬೈದಿಲ್ಲ ನೀವು," ಎಂದು ಹಣೆ ಮುಟ್ಟಿ ನೋಡಿದಳು.

ಮನೆಗೆ ಬಂದು ವೇದಪುಸ್ತಕ ತೆಗೆದಳು. ತನಗೆ ನೆರವಾದ ಆ ಮಾತು, ಅಪೊಸ್ತಲನು ಬರೆದದ್ದು, ಅಲ್ಲಿಯೇ ಇತ್ತು. ಆದರೆ ಪ್ರತಿಯೊಬ್ಬನೂ ತನ್ನನ್ನು ತಾನು ಶೋಧಿಸಿಕೊಳ್ಳಲಿ ಎಂದಿತ್ತೇ ಹೊರತು, ಪಕ್ಕದವರನ್ನು ಶೋಧಿಸಲಿ ಎಂದಿರಲಿಲ್ಲ. ಇಪ್ಪತ್ತಾರು ವರ್ಷ ತಿಂಗಳಿಗೊಮ್ಮೆ ಕೇಳಿದ ಮಾತು. ಕೇಳಿದಾಗಲೆಲ್ಲ ಅವಳ ಕಣ್ಣು ಬಾಗಿಲ ಸಂದಿಯಿಂದ ಸಭೆಯ ಕಡೆಗೇ ಇರುತ್ತಿತ್ತು. ಹಾಳೆ ತಿರುವಿದಳು. ಯೇಸು ಶಿಷ್ಯರೊಡನೆ ಉಂಡ ಕೊನೆಯ ರಾತ್ರಿಯ ಊಟದ ಭಾಗ ಬಂತು. ತನ್ನನ್ನು ಶತ್ರುಗಳಿಗೆ ಹಿಡಿದು ಕೊಡುವ ಶಿಷ್ಯ ಯಾರೆಂದು ಯೇಸುವಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಮೇಜಿನಿಂದ ಎಬ್ಬಿಸಲಿಲ್ಲ, ರೊಟ್ಟಿಯ ತುತ್ತನ್ನು ಅದ್ದಿ ತನ್ನ ಕೈಯಾರೆ ಅವನಿಗೂ ಕೊಟ್ಟನು. ಬಟ್ಟಲಕ್ಕ ಅಲ್ಲಿ ಬೆರಳಿಟ್ಟು ಕುಳಿತಳು. ಆತನ ಮೇಜಿನಲ್ಲಿ ದ್ರೋಹಿಗೂ ಕಡಿಮೆ ಬೀಳಲಿಲ್ಲ. ತಾನು ಕೆಲಸಕ್ಕಿದ್ದದ್ದು ಅದೇ ಮೇಜಿನಲ್ಲಿ. ಮೇಜು ನನ್ನದೆಂದು ಯಾವಾಗ ತಿಳಿದುಕೊಂಡೆ?

ಅಷ್ಟಕ್ಕೂ ತಂಗಿ ಮಾಡಿದ ದ್ರೋಹವಾದರೂ ಏನು? ಇಲ್ಲಿಗೆ ಬಂದಾಗ ಬಟ್ಟಲಕ್ಕನಿಗೆ ಇನ್ನೊಂದು ನೆನಪಾಯಿತು. ನೆನಪಾಯಿತು ಎನ್ನುವುದೂ ತಪ್ಪು, ಅದನ್ನು ಅವಳು ಎಂದೂ ಮರೆತಿರಲಿಲ್ಲ. ತಾಯಿ ಮಲಗಿದ್ದ ದಿನಗಳಲ್ಲಿ ತಂಗಿ ಮೂರು ಸಲ ಫೋನು ಮಾಡಿ, 'ಹೊರಟು ಬರ್ಲಾ ಅಕ್ಕಾ?' ಎಂದು ಕೇಳಿದ್ದಳು. ಮೂರು ಸಲವೂ, 'ನೀನು ಬಂದು ಏನು ಮಾಡ್ತೀಯ? ನಾನಿದ್ದೀನಲ್ಲ. ಅಮ್ಮ ಚೆನ್ನಾಗಿದ್ದಾಳೆ' ಎಂದವಳು ತಾನೇ. ಸೇವೆಯೆಲ್ಲ ತನ್ನದೊಬ್ಬಳದೇ ಆಗಿರಲಿ ಎಂಬ ಆಸೆ. ಆ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ, ಗಂಡನಿಗೂ. ಗೇಟಿನ ಬಳಿ ನಾಲ್ಕು ಜನರೆದುರು ತಂಗಿಯೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಅಂದೂ ಮುಚ್ಚಿದವಳು ತಂಗಿಯೇ.

ಬುಧವಾರ ಸಂಜೆ ಸಭಾಪಾಲಕರ ಮನೆಗೆ ಹೋದಳು. ಎಲ್ಲವನ್ನೂ ಹೇಳಿ, "ಈ ಕೆಲಸ ಬೇರೆ ಯಾರಿಗಾದ್ರೂ ಕೊಡಿ ಪಾಸ್ಟರೇ. ನನ್ನ ಕೈ ಚೊಕ್ಕವಾಗಿಲ್ಲ," ಎಂದಳು. ಅವರು ಕನ್ನಡಕ ತೆಗೆದು ಒರೆಸಿದರು. ಗದರಿಸುವರೆಂದುಕೊಂಡಿದ್ದಳು. ಅವರು ಗದರಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

"ನಿಮ್ಮ ತಂಗಿಗೆ ಹೇಳಿದ್ರಾ?"

"ಇಲ್ಲ. ಅವಳು ಎಣಿಕೆ ತಪ್ಪಿತು ಅಂದ್ಕೊಂಡಿದ್ದಾಳೆ."

"ಹಾಗಾದ್ರೆ ನನ್ನ ಹತ್ರ ಯಾಕೆ ಬಂದ್ರಿ ಅಕ್ಕ? ಕಡಿಮೆ ಬಿದ್ದಿದ್ದು ನನಗಲ್ಲವಲ್ಲ."

"ಅವಳಿಗೆ ಹೇಳೋದು ಕಷ್ಟ, ಪಾಸ್ಟರೇ. ಅವಳು ಈಗ ಒಳ್ಳೇ ಮನಸ್ಸಿನಿಂದ ಇದ್ದಾಳೆ. ಹೇಳಿದ್ರೆ ಅದೂ ಹೋಗುತ್ತೆ."

"ಹೋಗಬಹುದು," ಎಂದರು ಅವರು. "ಹೋಗಲ್ಲ ಅಂತ ನಾನು ಮಾತು ಕೊಡಲಾರೆ. ಕೆಲಸ ಬಿಡೋ ಮಾತು ಆಮೇಲೆ. ಬಿಟ್ಟುಬಿಟ್ರೆ ಜನ, ಪಾಪ, ವಯಸ್ಸಾಯ್ತು ಅಂತಾರೆ. ನಿಮಗೆ ಅದೂ ಒಂದು ಮರೆ ಆಗುತ್ತೆ."

ಮನೆಗೆ ಬಂದು ಗಂಡನಿಗೂ ಹೇಳಿದಳು. ಅವನು ಸೈಕಲ್ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. ಕೈ ನಿಂತಿತು. ಈ ಸಲ ಹಾಸ್ಯ ಬರಲಿಲ್ಲ. ಕೊನೆಗೆ, "ನಾನೂ ಬರ್ಲೇನೇ ಜೊತೆಗೆ?" ಎಂದ.

"ಬೇಡ. ನೀವಿದ್ರೆ ನಾನು ನಿಮ್ಮ ಹಿಂದೆ ನಿಂತ್ಕೋತೀನಿ."

ಮರುದಿನ ಮಧ್ಯಾಹ್ನ ಅರ್ಧ ದಿನದ ರಜೆ ಬರೆದುಕೊಟ್ಟು ಹೊರಟಳು. ತಂಗಿಯ ಪಾರ್ಲರು ಔಷಧದಂಗಡಿಯ ಮಹಡಿಯ ಮೇಲೆ, ಒಂದೇ ಕೋಣೆ, ಒಂದೇ ಕುರ್ಚಿ. ಕುರ್ಚಿಯೆದುರು ಗೋಡೆಯಗಲದ ಕನ್ನಡಿ. ನೆಲ ಗುಡಿಸುತ್ತಿದ್ದ ತಂಗಿ ಪೊರಕೆ ಹಿಡಿದೇ ನಿಂತುಬಿಟ್ಟಳು.

"ಅಯ್ಯೋ, ಅಕ್ಕಾ! ಬಾ, ಬಾ. ಕೂತ್ಕೋ. ಬೇರೆ ಕುರ್ಚಿ ಇಲ್ಲ, ಇದರಲ್ಲೇ ಕೂತ್ಕೋ. ತಲೆ ನೋಡು ಹೇಗಿದೆ, ಬಾಚಿ ಎಷ್ಟು ದಿನ ಆಯ್ತು? ಇರು, ನಾನು ಬಾಚ್ತೀನಿ."

ಬೇಡ ಎನ್ನುವಷ್ಟರಲ್ಲಿ ಹೆಗಲ ಮೇಲೆ ಬಟ್ಟೆ ಹೊದಿಸಿ, ಕೂದಲು ಬಿಚ್ಚಿ ಬಾಚಣಿಗೆ ಇಟ್ಟಾಗಿತ್ತು. ಬಟ್ಟಲಕ್ಕ ಕಣ್ಣೆತ್ತಿದರೆ ಎದುರಿಗೆ ತನ್ನದೇ ಮುಖ, ಅದರ ಮೇಲೆ ತಂಗಿಯ ಮುಖ. ತಾನು ಹೇಳಬೇಕಾದ್ದನ್ನು ತನ್ನ ಮುಖ ನೋಡಿಕೊಂಡೇ ಹೇಳಬೇಕಾಗಿತ್ತು.

"ಭಾನುವಾರ ಎಣಿಕೆ ತಪ್ಪಿರಲಿಲ್ಲ, ಪುಟ್ಟೀ."

"ಏನು?"

"ಎಂಬತ್ತನಾಲ್ಕು ಅಂತ ಸರಿಯಾಗೇ ಎಣಿಸಿದ್ದೆ. ನಿನ್ನನ್ನ ನೋಡಿ ಒಂದು ತುಂಬಲಿಲ್ಲ."

ಬಾಚಣಿಗೆ ನಡುದಾರಿಯಲ್ಲಿ ನಿಂತಿತು.

"ಅಂದ್ರೆ, ಬೇಕು ಅಂತಲೇ?"

"ಬೇಕು ಅಂತಲೇ."

"ನನಗೇ ಅಂತ?"

"ನಿನಗೇ ಅಂತ. ನೀನು ಗೋಡೆ ಪಕ್ಕ ಕೂತಿದ್ದೆ." ಒಮ್ಮೆ ಬಾಯಿ ತೆರೆದ ಮೇಲೆ ನಿಲ್ಲಿಸಲಾಗಲಿಲ್ಲ. "ಅಮ್ಮ ಮಲಗಿದ್ದಾಗ ಬರಬೇಡ ಅಂದಿದ್ದೂ ನಾನೇ. ಮೂರು ಸಲ. ಆಮೇಲೆ ಬರಲಿಲ್ಲ ಅಂತ ಜನರೆದುರಿಗೆ ಅಂದಿದ್ದೂ ನಾನೇ."

ಕೆಳಗೆ ಬೀದಿಯಲ್ಲಿ ಯಾವುದೋ ಗಾಡಿ ಹಾರ್ನ್ ಹೊಡೆಯುತ್ತಲೇ ಇತ್ತು. ತಂಗಿಯ ಮುಖದಲ್ಲಿದ್ದ ನಗು ಇಳಿದುಹೋದದ್ದನ್ನು ಬಟ್ಟಲಕ್ಕ ಕನ್ನಡಿಯಲ್ಲಿ ಪೂರ್ತಿ ನೋಡಿದಳು.

"ಆ ಫೋನಿನ ಮಾತು ನಂಗೆ ಗೊತ್ತಿದ್ದಿದ್ದೇ," ಎಂದಳು ತಂಗಿ, ಮೆಲ್ಲಗೆ. "ನಿಂಗೆ ನೆನಪಿದ್ಯೋ ಇಲ್ವೋ ಅಂತ ಗೊತ್ತಿರಲಿಲ್ಲ. ಆದ್ರೆ ಇದು... ನಾನು ಮನೇಲಿ ನಮ್ಮವರ ಹತ್ರ ಹೇಳ್ಕೊಂಡು ನಕ್ಕಿದ್ದೇ ನಕ್ಕಿದ್ದು, ನಮ್ಮಕ್ಕನಿಗೂ ಒಂದು ಸಲ ಎಣಿಕೆ ತಪ್ತು ಅಂತ. ಖುಷಿಯಾಗಿತ್ತು ನಂಗೆ. ಯಾಕೆ ಹೇಳ್ದೆ?"

ಬಟ್ಟಲಕ್ಕ ಹೆಗಲ ಬಟ್ಟೆಯ ಗಂಟು ಬಿಚ್ಚಲು ಕೈ ಹಾಕಿ ಏಳಹೋದಳು.

"ಎಲ್ಲಿಗೆ?"

"ಹೋಗ್ತೀನಿ."

"ತಲೆ ಕೆದರಿಕೊಂಡು ಬೀದೀಲಿ ಹೋಗ್ತೀಯಾ? ನನ್ನ ಅಂಗಡಿ ಮಾನ ಏನಾಗ್ಬೇಕು?" ತಂಗಿ ಹೆಗಲು ಒತ್ತಿ ಕೂರಿಸಿದಳು. "ಕ್ಷಮಿಸಿದೆ ಅಂತ ಈಗಿಂದೀಗಲೇ ಹೇಳೋಕೆ ನಾನೇನು ಪಾಸ್ಟರಾ? ನಂಗೆ ಬರಲ್ಲ. ಮೊದಲು ಬೈಬೇಕು ನಿನ್ನ. ಒಂಬತ್ತು ವರ್ಷದ್ದಿದೆ."

"ಬೈ," ಎಂದಳು ಬಟ್ಟಲಕ್ಕ.

ತಂಗಿ ಬೈದಳು. ಬಾಚುತ್ತಾ ಬೈದಳು, ಸಿಕ್ಕು ಬಿಡಿಸುತ್ತಾ ಬೈದಳು, ಮೂಗೊರೆಸಿಕೊಂಡು ಮತ್ತೆ ಬೈದಳು. ಮುಖ ನೋಡದೇ ಹೋದ ತಾಯಿಯ ಬಗ್ಗೆ, ಹಿಂದಿರುಗುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತದ್ದರ ಬಗ್ಗೆ, ಬರೆದು ಹರಿದು ಹಾಕಿದ ಕಾಗದಗಳ ಬಗ್ಗೆ. ಊರಿನವರನ್ನೆಲ್ಲ ಮಾತಿನಲ್ಲಿ ಮಣಿಸುತ್ತಿದ್ದ ಬಟ್ಟಲಕ್ಕ ಒಂದಕ್ಕೂ ಎದುರಾಡಲಿಲ್ಲ. ಎದುರಾಡಲು ಏನೂ ಇರಲಿಲ್ಲ, ಅದೆಲ್ಲ ನಿಜವಾಗಿತ್ತು.

ನಡುವೆ ಗಿರಾಕಿಯೊಬ್ಬಳು ಬಾಗಿಲು ತಟ್ಟಿ ಇಣುಕಿದಳು. "ಅರ್ಧ ಗಂಟೆ ಬಿಟ್ಟು ಬನ್ನಿ," ಎಂದಳು ತಂಗಿ ಕಣ್ಣೊರೆಸಿಕೊಂಡು, "ಒಳಗೆ ನಮ್ಮಕ್ಕ ಇದ್ದಾಳೆ."

ಆ ಮಾತು ಕೇಳಿ ಬಟ್ಟಲಕ್ಕನ ಮುಖ ಎದೆಯವರೆಗೂ ಬಾಗಿತು. ಅಷ್ಟು ಹೊತ್ತಿನ ಬೈಗುಳ ತಡೆದುಕೊಂಡವಳಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ತಂಗಿ ಹಿಂದಿನಿಂದ ಗದ್ದದ ಕೆಳಗೆ ಬೆರಳಿಟ್ಟು ಎತ್ತಿದಳು. ಅದು ಮತ್ತೆ ಬಾಗಿತು. ಮತ್ತೆ ಎತ್ತಿದಳು.

"ತಲೆ ಎತ್ತಿ ಕೂತ್ಕೋ ಅಕ್ಕಾ, ಬೈತಲೆ ಸೊಟ್ಟ ಆಗುತ್ತೆ," ಎಂದಳು. "ನಂದು ಇನ್ನೂ ಮುಗಿದಿಲ್ಲ."